ಇಪ್ಪತ್ತನೆಯ ಚೌಕ

ಕಂಪ್ಯೂಟರಿನಲ್ಲಿ ಆ ಮನುಷ್ಯನ ಎಡಗಿವಿಯ ಹಿಂದೆ ಉಳಿದುಹೋಗಿದ್ದ ನೀಲಿ ಗೋಡೆಯ ಚೂರನ್ನು ಅಳಿಸುತ್ತಿರುವಾಗ ಕತ್ತರಿಯ ಜೇಬಿನಲ್ಲಿ ಫೋನು ಮತ್ತೆ ನಡುಗಿತು. ಬೆಳಗಿನಿಂದ ಅದು ಇನ್ನೂರನೆಯದೋ ಮುನ್ನೂರನೆಯದೋ ನಡುಕ. ಎಣಿಸುವುದನ್ನು ಅವನು ಹತ್ತು ಗಂಟೆಗೇ ಬಿಟ್ಟಿದ್ದ. ತೊಡೆಗೆ ಅಂಟಿಕೊಂಡ ಯಾವುದೋ ಸಣ್ಣ ಪ್ರಾಣಿ ಅರ್ಧ ನಿಮಿಷಕ್ಕೊಮ್ಮೆ ಮೈ ಕೊಡವಿಕೊಳ್ಳುತ್ತಿದ್ದಂತೆ ಕಚಗುಳಿಯಾಗಿ, ಹೊಟ್ಟೆಯಲ್ಲಿ ಹುಟ್ಟಿದ ನಗು ಗಂಟಲವರೆಗೆ ಏರಿಬಂದು ಅಲ್ಲೇ ಸಿಕ್ಕಿಕೊಂಡಿತು. ಪರದೆಯ ಮೇಲಿದ್ದ ಮನುಷ್ಯ ಮಾತ್ರ ನಗುವಂತಿರಲಿಲ್ಲ. ಪಾಸ್‌ಪೋರ್ಟಿನ ಚಿತ್ರದಲ್ಲಿ ಯಾರೂ ನಗುವಂತಿಲ್ಲ; ಎರಡೂ ಕಿವಿ ಕಾಣಬೇಕು, ಬಾಯಿ ಮುಚ್ಚಿರಬೇಕು, ಬೆನ್ನ ಹಿಂದೆ ಬಿಳಿ ಬಿಟ್ಟು ಲೋಕದ ಇನ್ನಾವ ಬಣ್ಣವೂ ಇರಕೂಡದು. ದಿನಕ್ಕೆ ಮೂವತ್ತು ನಲವತ್ತು ಮುಖಗಳನ್ನು ಹೀಗೆ ಲೋಕದಿಂದ ಕತ್ತರಿಸಿ ಬಿಳಿಗೆ ಅಂಟಿಸುವುದೇ ಅವನ ಕೆಲಸ. ಅದಕ್ಕೇ ಸ್ಟುಡಿಯೋದ ಯಜಮಾನರು ಅವನನ್ನು ಕತ್ತರಿ ಅನ್ನುತ್ತಿದ್ದರು, ಅನ್ನುತ್ತ ಅನ್ನುತ್ತ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುವ ಹಾಗಾಗಿತ್ತು.

"ಏನಯ್ಯಾ ಕತ್ತರಿ, ಅವರ ಮುಖ ನೋಡಿ ಯಾಕೆ ಹಾಗೆ ನಗ್ತಿದ್ದೀಯ?" ಎಂದು ಯಜಮಾನರು ಕ್ಯಾಮೆರಾದ ಹಿಂದಿನಿಂದ ಕೂಗಿದರು.

ಆ ಮುಖದ ಮಾಲೀಕ ಬೆಂಚಿನ ಮೇಲೇ ಕೂತಿದ್ದ. ಕತ್ತರಿ ಬಾಯಿಗೆ ಕೈ ಅಡ್ಡ ಹಿಡಿದ. "ಇಲ್ಲ ಸರ್, ನಾನು ನಗಲಿಲ್ಲ, ಕೆಮ್ಮು ಬಂತು."

"ನಗಲಿ ಬಿಡಿ," ಎಂದ ಬೆಂಚಿನವನು. "ಮನೇಲಿ ನನ್ನ ಹೆಂಡ್ತಿ ದಿನಾ ನಗ್ತಾಳೆ, ಇವರು ಒಂದು ದಿನ ನಕ್ಕರೆ ಏನಾಗುತ್ತೆ? ನಾನು ನಕ್ಕರೆ ತಪ್ಪು, ನನ್ನನ್ನ ನೋಡಿದೋರು ನಕ್ಕರೆ ತಪ್ಪಿಲ್ಲ, ಅಲ್ವಾ?"

ಒಳ್ಳೆಯ ಮನುಷ್ಯ. ಇಂಥ ಒಳ್ಳೆಯವರ ಮುಂದೆಯೇ ತನ್ನ ಮಾನ ಹೋಗುತ್ತದಲ್ಲ ಎಂದುಕೊಳ್ಳುತ್ತ ಕತ್ತರಿ ಆ ಮುಖದ ಆರು ಪ್ರತಿಗಳನ್ನು ಪ್ರಿಂಟರಿಗೆ ಕಳಿಸಿದ. ಪ್ರಿಂಟರು ಗುರುಗುಟ್ಟಿ ಒಂದೊಂದೇ ಗಂಭೀರ ಮುಖವನ್ನು ಹೊರಹಾಕುವಷ್ಟರಲ್ಲಿ ಅವನು ಹಿಂಬದಿಯ ಪರದೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿದ್ದ ಮೂಲೆಗೆ ಸರಿದು, ಒಂದು ಸುರುಳಿಯ ಮರೆಯಲ್ಲಿ ಫೋನು ತೆಗೆದ. ಅಭಿಮಾನಿಗಳ ಗುಂಪಿನ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ, ಬೆರಳು ಎಷ್ಟು ದೂರ ಓಡಿದರೂ ಅಷ್ಟು ದೂರ, ಪ್ರತಿಯೊಬ್ಬರ ಹೆಸರಿನ ಪಕ್ಕದ ಪುಟ್ಟ ಚೌಕದಲ್ಲೂ ಒಂದೇ ಚಿತ್ರ: ಹಳದಿ ಬೆಳಕಿನಲ್ಲಿ ಒಂದು ಕೈ, ಲಿಫ್ಟಿನ ಗುಂಡಿಯ ಕಡೆಗೆ ಚಾಚಿದ ಒಂದು ಬೆರಳು. ನಿನ್ನೆ ಸಂಜೆಯವರೆಗೆ ಒಬ್ಬೊಬ್ಬರದೂ ಒಂದೊಂದು ಚೌಕವಿತ್ತು. ಈಗ ಊರಿನವರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿದ ಅಂಗಿ ತೊಟ್ಟು ಬಂದಂತೆ ಕಾಣುತ್ತಿದ್ದರು. ಅದು ಅವನು ಮಾಡಿದ ಚೌಕ. ನಿನ್ನೆ ಹಾಕಿದ ಇಪ್ಪತ್ತರಲ್ಲಿ ಇಪ್ಪತ್ತನೆಯದು. ಸುರುಳಿಯ ಹಿಂದೆ ನಿಂತಲ್ಲೇ ಅವನಿಗೆ ಒಂದು ಸಲ ಕುಣಿಯಬೇಕೆನ್ನಿಸಿತು; ಕುಣಿಯಲು ಜಾಗವಿರಲಿಲ್ಲವಾದ್ದರಿಂದ ಹಿಮ್ಮಡಿಗಳನ್ನು ಮಾತ್ರ ಎರಡು ಸಲ ಎತ್ತಿ ಇಳಿಸಿದ. ಆ ಕೈ ಅವರೆಲ್ಲ ತಿಳಿದುಕೊಂಡವಳ ಕೈಯಲ್ಲ ಎಂಬುದು ನಾನ್ನೂರ ಮೂವತ್ತು ಜನರ ಪೈಕಿ ಅವನೊಬ್ಬನಿಗೆ ಗೊತ್ತಿತ್ತು.

ಅವರು ತಿಳಿದುಕೊಂಡಿದ್ದು ಲಿಫ್ಟಿನವಳ ಕೈ ಎಂದು. ದೊಡ್ಡ ಹೋಟೆಲೊಂದರಲ್ಲಿ ನಡೆಯುವ ಒಂದು ಧಾರಾವಾಹಿಯಲ್ಲಿ ನಾಯಕನಿದ್ದಾನೆ, ನಾಯಕಿಯಿದ್ದಾಳೆ, ಇಬ್ಬರು ಖಳರು, ಒಂದು ಕೊಲೆ, ಮೂರು ಮದುವೆ. ಅವರಿಗೆಲ್ಲ ಲಕ್ಷಗಟ್ಟಲೆ ಅಭಿಮಾನಿಗಳಿದ್ದಾರೆ. ಲಿಫ್ಟಿನವಳಿಗೆ ಮಾತಿಲ್ಲ. ಗುಂಡಿಗಳ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಲ್ಲುತ್ತಾಳೆ, ಮಹಡಿ ಬಂದಾಗ ಬಾಗಿಲು ತೆರೆಯುತ್ತಾಳೆ. ಮೂರು ಸೀಸನ್ ಸೇರಿಸಿ ಅವಳು ತೆರೆಯ ಮೇಲಿರುವುದು ಒಟ್ಟು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಒಂದು ದಿನ ನಾಯಕ ನಾಯಕಿಯರು ಲಿಫ್ಟಿನಲ್ಲಿ ಹಲ್ಲು ಕಚ್ಚಿ ಜಗಳವಾಡುತ್ತಿರುವಾಗ ಕತ್ತರಿ ಕಂಡಿದ್ದ: ಅವರ ಹಿಂದೆ, ಸ್ವಲ್ಪ ಮಸುಕಾಗಿ, ಅವಳ ಕಿವಿ ಒಂದು ಕೂದಲೆಳೆಯಷ್ಟು ತಿರುಗಿತು. ಕೇಳಿಸಿಕೊಳ್ಳುತ್ತಿದ್ದಾಳೆ! ಸೋಫಾದ ಮೇಲಿಂದ ಅವನು ಎದ್ದೇ ನಿಂತಿದ್ದ. ಪಕ್ಕದಲ್ಲಿ ತೂಕಡಿಸುತ್ತಿದ್ದ ಚಿಕ್ಕಮ್ಮ ಬೆಚ್ಚಿ, "ಏನಾಯ್ತೋ, ಕೊಲೆಗಾರ ಸಿಕ್ಕಿಬಿಟ್ನಾ?" ಎಂದಿದ್ದಳು. ಇಲ್ಲ ಚಿಕ್ಕಮ್ಮ, ಒಂದು ಕಿವಿ, ಎಂದು ಹೇಳುವುದು ಹೇಗೆ? ಆದರೆ ಆ ಕಿವಿಯನ್ನು ಕಂಡವರು ಲೋಕದಲ್ಲಿ ಇನ್ನೂ ನಾನ್ನೂರಕ್ಕೂ ಹೆಚ್ಚು ಮಂದಿ ಇದ್ದರು. ಅವರ ಗುಂಪಿನ ಬಾಗಿಲು ತಟ್ಟಿದ ದಿನ ಅವನು ಕತ್ತರಿ ಎಂದಷ್ಟೇ ಬರೆದಿದ್ದ. ಇಷ್ಟು ಅಚ್ಚುಕಟ್ಟಾಗಿ ಚೌಕ ಕತ್ತರಿಸುವವರು ಹೆಂಗಸೇ ಇರಬೇಕು ಎಂದು ಯಾರೋ ಮೊದಲನೆಯ ವಾರವೇ "ಕತ್ತರಿ ಅಕ್ಕಾ" ಎಂದರು, ಅವನು ತಿದ್ದಲಿಲ್ಲ, ಎರಡನೆಯ ವಾರಕ್ಕೆ ತಿದ್ದುವ ಕಾಲ ಮೀರಿತ್ತು.

ಅಡ್ಡ ನೂರು ಪಿಕ್ಸೆಲ್, ಉದ್ದ ನೂರು ಪಿಕ್ಸೆಲ್. ಇಷ್ಟರಲ್ಲಿ ಏನು ಹಿಡಿಸುತ್ತದೆ ಎಂದು ಗೊತ್ತಿಲ್ಲದವರು ಕೇಳುತ್ತಾರೆ. ಒಂದು ಕುತ್ತಿಗೆ ಹಿಡಿಸುತ್ತದೆ, ಕುತ್ತಿಗೆಯಿಂದ ತಪ್ಪಿಸಿಕೊಂಡ ಒಂದು ಎಳೆ ಕೂದಲು ಹಿಡಿಸುತ್ತದೆ, ಮೊಣಕೈ ಮಡಿಸಿದ ಕಡೆ ತೋಳಿನ ಬಟ್ಟೆ ಬೀಳಿಸಿದ ಸುಕ್ಕು ಹಿಡಿಸುತ್ತದೆ. ಸ್ಟುಡಿಯೋದಲ್ಲಿ ಅವನು ಮನುಷ್ಯರ ಸುತ್ತಲಿನದನ್ನೆಲ್ಲ ತೆಗೆದುಹಾಕಿದರೆ, ಮನೆಯಲ್ಲಿ ಒಬ್ಬ ಹೆಂಗಸಿನ ಸುತ್ತ ಒಂದೊಂದಾಗಿ ಸೇರಿಸುತ್ತಿದ್ದ. ಒಂದು ಲೇಯರ್ ಹಳದಿ, ಅದರ ಮೇಲೆ ಗುಲಾಬಿಯ ಒಂದು ತೆಳು ಪದರ, ಅದರ ಮೇಲೆ ಹಳೆಯ ಕಾಗದದ ಒರಟು. ಪ್ರತಿ ಪದರ ಹಾಸಿದಾಗಲೂ ಲಿಫ್ಟಿನೊಳಗೆ ಬೇರೆ ಹೊತ್ತು ಮೂಡುತ್ತಿತ್ತು, ಬೆಳಗು, ಮಧ್ಯಾಹ್ನ, ಯಾರೂ ಹತ್ತದ ಒಂದು ಖಾಲಿ ಸಂಜೆ. ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತ ತನ್ನಷ್ಟಕ್ಕೆ ತಾನೇ ಶಿಳ್ಳೆ ಹಾಕಿಕೊಳ್ಳುವಷ್ಟು ಸುಖ. ಆ ಗುಂಪಿನ ಕಟ್ಟಳೆಗಳೂ ಅವನಿಗೆ ಪ್ರೀತಿಯವು: ಯಾರು ಬೇಕಾದರೂ ಚೌಕ ತೆಗೆದುಕೊಳ್ಳಬಹುದು, ಆದರೆ ಮಾಡಿದವರ ಹೆಸರು ಹೇಳಿ ತೆಗೆದುಕೊಳ್ಳಬೇಕು, ಅಕ್ಷರವಿಲ್ಲದ ಚೌಕದ ಮೇಲೆ ನಿಮ್ಮ ಅಕ್ಷರ ಬರೆಯಬಾರದು, ಅದು ಖಾಲಿ ಇರುವುದಲ್ಲ, ಮುಗಿದಿರುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಚೌಕದ ಕೆಳಗೂ ಅದು ಯಾವ ಸೀಸನ್ನಿನ ಯಾವ ಕಂತಿನ ಎಷ್ಟನೆಯ ನಿಮಿಷದ್ದು ಎಂದು ನಮೂದಿಸಬೇಕು. ಈ ಕೊನೆಯ ಕಟ್ಟಳೆಯನ್ನು ಕಾಯುವವಳು ನಿಮಿಷ ಎಂದೇ ಹೆಸರಾದ ಒಬ್ಬಾಕೆ. ಅವಳು ಎಲ್ಲಿಯವಳೋ, ಎಷ್ಟು ವಯಸ್ಸೋ, ಯಾರಿಗೂ ಗೊತ್ತಿಲ್ಲ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಪ್ರತಿಯೊಂದು ಸೆಕೆಂಡೂ ಅವಳಿಗೆ ಬಾಯಿಪಾಠ.

ಆ ವಾರದ ಸ್ಪರ್ಧೆಯ ವಿಷಯ ಕೈ. ಇಪ್ಪತ್ತು ಚೌಕ ಮಾಡಬೇಕು, ಇಪ್ಪತ್ತರಲ್ಲೂ ಕೈ ಇರಬೇಕು. ಹತ್ತೊಂಬತ್ತು ಮುಗಿಯುವ ಹೊತ್ತಿಗೆ ಲಿಫ್ಟಿನವಳ ಕೈಗಳೇ ಮುಗಿದುಹೋಗಿದ್ದವು. ಇದ್ದ ಕೈಯನ್ನೇ ತಿರುಗಿಸಿ ಎಡಗೈ ಮಾಡಿದ್ದಾಯಿತು, ಕನ್ನಡಿಯಲ್ಲಿ ಬಿದ್ದ ಕೈಯ ನೆರಳನ್ನು ಹಿಂಜಿ ಎಳೆದದ್ದೂ ಆಯಿತು. ಇಪ್ಪತ್ತನೆಯ ಜಾಗ ಉದುರಿದ ಹಲ್ಲಿನ ಸಂದಿಯಂತೆ ಖಾಲಿಯಿತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ನಿನ್ನೆ ಬೆಳಿಗ್ಗೆ ಅಡುಗೆಮನೆಗೆ ನೀರು ಕುಡಿಯಲು ಹೋದರೆ ಚಿಕ್ಕಮ್ಮ ಕೆಲಸಕ್ಕೆ ಹೊರಟವಳು, ಬ್ಯಾಗು ಹೆಗಲಿಗೇರಿಸಿಕೊಂಡು, ದೀಪ ಆರಿಸಲು ಸ್ವಿಚ್ಚಿನ ಕಡೆ ಕೈ ಚಾಚಿದ್ದಳು. ಕಿಟಕಿಯಿಂದ ಬಂದ ಬಿಸಿಲು ಆ ಕೈಯ ಮೇಲೆ ಬಿದ್ದಿತ್ತು. "ಹಾಗೇ ಇರು, ಅಲ್ಲಾಡಬೇಡ!" ಎಂದು ಅವನು ಕಿರುಚಿದ.

"ಏನೋ? ಜಿರಳೆಯಾ?" ಎಂದಳು ಚಿಕ್ಕಮ್ಮ, ಕೈ ಅಲ್ಲೇ ನಿಲ್ಲಿಸಿ.

"ಇಲ್ಲ, ಬೆಳಕು ಚೆನ್ನಾಗಿದೆ."

"ಬೆಳಕು ಚೆನ್ನಾಗಿದ್ರೆ ದೀಪ ಆರಿಸ್ಬೇಕಲ್ವೇನೋ, ಅದಕ್ಕೇ ತಾನೆ ಕೈ ಚಾಚಿರೋದು," ಎಂದು ನಗುತ್ತ ದೀಪ ಆರಿಸಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಫೋನಿನಲ್ಲಿ ಮೂರು ಚಿತ್ರ ಸಿಕ್ಕಿದ್ದವು. ಎರಡನೆಯದರಲ್ಲಿ ಸ್ವಿಚ್ಚನ್ನು ಅಳಿಸಿ ಲಿಫ್ಟಿನ ಗುಂಡಿಗಳನ್ನು ಕೂರಿಸಿದ, ಆ ಹಳದಿ ಹಾಕಿದ, ಗುಲಾಬಿ ಹಾಕಿದ, ನೂರಕ್ಕೆ ನೂರಾಗಿ ಕುಗ್ಗಿಸಿದ. ಚಿಕ್ಕಮ್ಮ ಮಾಯವಾಗಿ ಲಿಫ್ಟಿನವಳು ಬಂದಳು. ಕೆಳಗೆ ನಿಮಿಷ ನಮೂದಿಸುವ ಜಾಗದಲ್ಲಿ ಅವನ ಬೆರಳು ತಾನಾಗಿಯೇ ಬರೆಯಿತು: ಎರಡನೆಯ ಸೀಸನ್, ಆರನೆಯ ಕಂತು, ಮೂವತ್ತೊಂದನೆಯ ನಿಮಿಷ. ಯಾಕೆ ಮೂವತ್ತೊಂದು? ಅವನ ವಯಸ್ಸು ಮೂವತ್ತೊಂದು. ಸುಳ್ಳು ಹೇಳುವಾಗ ಮನುಷ್ಯನಿಗೆ ತನ್ನ ಹತ್ತಿರ ಇರುವುದೇ ಮೊದಲು ಕೈಗೆ ಸಿಗುತ್ತದೆ.

ಈಗ ಪರದೆಯ ಸುರುಳಿಯ ಹಿಂದೆ ನಿಂತು ಅವನು ಮೇಲಿನಿಂದ ಓದುತ್ತ ಬಂದ. ಅಕ್ಕಾ ನಿಮ್ಮ ಕೈಗೊಂದು ಮುತ್ತು. ಅಕ್ಕಾ ನಾನು ಆಫೀಸಿನಲ್ಲಿ ಅಳ್ತಿದ್ದೀನಿ, ಯಾರಿಗೂ ಕಾರಣ ಹೇಳೋಕಾಗ್ತಿಲ್ಲ. ಅಕ್ಕಾ ಈ ಬೆರಳು ನನ್ನ ಹಣೆ ಮೇಲೆ ಇಟ್ರೆ ಜ್ವರ ಇಳಿಯುತ್ತೆ. ಕತ್ತರಿಯ ಕಣ್ಣು ಒದ್ದೆಯಾಗಿ, ಅದೇ ಹೊತ್ತಿಗೆ ನಗುವೂ ಬಂದು, ಮೂಗಿನಿಂದ ವಿಚಿತ್ರವಾದ ಸದ್ದು ಹೊರಟಿತು. ಮುಂದಿನದು ನಿಮಿಷಳದು. "ಕತ್ತರಿ ಅಕ್ಕಾ, ನೀವು ಕೊಟ್ಟ ನಿಮಿಷ ನೋಡಿದೆ. ಅಲ್ಲಿರೋದು ಒಂದು ಸೂಪಿನ ಬಟ್ಟಲು. ಮೂವತ್ತೊಂದನೇ ನಿಮಿಷ ಪೂರ್ತಿ ಆ ಬಟ್ಟಲೇ ಇದೆ. ಹನ್ನೆರಡು ಸಲ ನೋಡಿದೆ." ಸಿಕ್ಕಿಬಿದ್ದೆ ಎಂದುಕೊಂಡ ಕತ್ತರಿ. ಆದರೆ ಈ ಜನ ಬೇರೆಯೇ ಜಾತಿಯ ಜನ. ಅಕ್ಕ ಸುಳ್ಳು ಹೇಳಿರಬಹುದು ಎಂಬುದು ನಾನ್ನೂರು ತಲೆಗಳಲ್ಲಿ ಒಂದು ತಲೆಗೂ ಹೊಳೆದಿರಲಿಲ್ಲ. ನಿಮಿಷಳೇ ಮುಂದುವರಿಸಿದ್ದಳು: "ಅಂದ್ರೆ ಅಕ್ಕನ ಹತ್ರ ಇರೋ ಆರನೇ ಕಂತು ನಮ್ಮ ಹತ್ರ ಇರೋದಕ್ಕಿಂತ ಉದ್ದ ಇದೆ. ಕತ್ತರಿಸದ ಪ್ರತಿ! ಬಟ್ಟಲಿಗೆ ಮುಂಚೆ ನಮ್ಮಿಂದ ಏನನ್ನೋ ಬಚ್ಚಿಟ್ಟಿದ್ದಾರೆ." ಅದರ ಕೆಳಗೆ ಇನ್ನೂರಕ್ಕೂ ಹೆಚ್ಚು ಉತ್ತರ. ಧಾರಾವಾಹಿ ಮಾಡಿದವರಿಗೆ ಒಂದು ಅರ್ಜಿ ಬರೆಯಬೇಕು, ಲಿಫ್ಟಿನವಳ ಬಚ್ಚಿಟ್ಟ ನಿಮಿಷಗಳನ್ನು ಬಿಡುಗಡೆ ಮಾಡಬೇಕು. ಅರ್ಜಿ ಆಗಲೇ ಬರೆದಾಗಿತ್ತು. ಇನ್ನೂರ ಹದಿನಾಲ್ಕು ಸಹಿ. ಇಂದು ಮಧ್ಯಾಹ್ನ ಮೂರಕ್ಕೆ ಕಳಿಸುವುದು. ಸಾಕ್ಷಿಯಾಗಿ ಕತ್ತರಿ ಅಕ್ಕನ ಚೌಕ ಲಗತ್ತಿಸಿದೆ.

ಚಿಕ್ಕಮ್ಮನ ಕೈ ಅರ್ಜಿಗೆ ಲಗತ್ತಾಗಿ ಯಾವುದೋ ದೊಡ್ಡ ಕಚೇರಿಯ ಮೇಜಿನ ಮೇಲೆ ಹೋಗಿ ಬೀಳುವುದನ್ನು ಅವನು ಕಣ್ಣಾರೆ ಕಂಡ, ಕಂಡು ನಗು ತಡೆಯಲಾರದೆ ಸುರುಳಿಗೆ ಹಣೆ ಆನಿಸಿದ, ಸುರುಳಿ ಓಲಿ ಪಕ್ಕದ ಸುರುಳಿಗೆ ತಾಗಿ, ಅದು ಅದರ ಪಕ್ಕದ್ದಕ್ಕೆ ತಾಗಿ, ನೀಲಿ ಬಿಳಿ ಬೂದು ಮೂರೂ ಪರದೆಗಳು ದಡಬಡನೆ ನೆಲಕ್ಕೆ ಉರುಳಿದವು. "ಇವತ್ತು ನಿನಗೆ ಏನು ಹಿಡಿದಿದೆ ಮಾರಾಯಾ?" ಎಂದು ಯಜಮಾನರು ಓಡಿಬಂದರು. ಏನೂ ಇಲ್ಲ ಸರ್, ಸುಮ್ಮನೆ. ಮಂಡಿಯೂರಿ ಪರದೆ ಸುತ್ತುತ್ತಿರುವಾಗಲೂ ಒಂದು ಕಣ್ಣು ಫೋನಿನ ಮೇಲೆಯೇ ಇತ್ತು. ಆಗ ಅದು ಬಂತು. ಹೊಸದಾಗಿ ಸೇರಿದ ಯಾರೋ ಚೌಕವನ್ನು ಎಂಟು ಪಟ್ಟು ಹಿಗ್ಗಿಸಿ ಹಾಕಿದ್ದರು. ಬೆರಳು ಬಣ್ಣಬಣ್ಣದ ಇಟ್ಟಿಗೆಗಳ ಗೋಡೆಯಂತೆ ಕಾಣುತ್ತಿತ್ತು. "ಉಂಗುರದ ಬೆರಳು ನೋಡಿ. ಬುಡದಲ್ಲಿ ಮೂರು ಪಿಕ್ಸೆಲ್ ಬೆಳ್ಳಗಿವೆ. ಉಂಗುರ ಇದ್ದ ಗುರುತು. ಈಚೆಗೆ ತೆಗೆದಿದ್ದಾಳೆ."

ಇದೆಲ್ಲಿಯ ಹುಚ್ಚು, ಚಿಕ್ಕಮ್ಮನ ಬೆರಳಿನಲ್ಲಿ ಉಂಗುರ ಇದ್ದೇ ಇದೆಯಲ್ಲ, ಎಂದು ಕತ್ತರಿ ಅಂದುಕೊಂಡ. ಮರುಗಳಿಗೆಯಲ್ಲೇ, ಇದ್ದರೆ ಚೌಕದಲ್ಲಿ ಎಲ್ಲಿ ಹೋಯಿತು? ತಾನು ಅಳಿಸಿದ್ದು ಸ್ವಿಚ್ಚನ್ನು ಮಾತ್ರ. ಫೋನಿನಲ್ಲಿದ್ದ ಮೂಲ ಚಿತ್ರವನ್ನು ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದ. ಉಂಗುರ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಚರ್ಮ ಬಿಸಿಲು ಕಾಣದ ಸಣ್ಣ ಪಟ್ಟಿಯಾಗಿ, ಸ್ವಲ್ಪ ತಗ್ಗಾಗಿ, ನುಣ್ಣಗೆ, ಮಗುವಿನ ಚರ್ಮದ ಹಾಗಿತ್ತು. ಚಿಕ್ಕಪ್ಪ ಸತ್ತು ಹನ್ನೊಂದು ವರ್ಷ. ಹನ್ನೊಂದು ವರ್ಷವೂ ಚಿಕ್ಕಮ್ಮ ಆ ಉಂಗುರವನ್ನು ಮಾತಾಡುವಾಗ ತಿರುಗಿಸುತ್ತಿದ್ದಳು, ಲೋಟ ಹಿಡಿದರೆ ಅದು ಟಿಕ್ ಅನ್ನುತ್ತಿತ್ತು, ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬಂದರೆ ಟಿಕ್ ಟಿಕ್ ಟಿಕ್ ಎಂದು ಅವಳಿಗಿಂತ ಮುಂಚೆ ಮನೆಯೊಳಗೆ ಬರುತ್ತಿತ್ತು. ಈಚೆಗೆ ಮನೆ ಯಾಕೋ ನಿಶ್ಶಬ್ದವಾಗಿದೆ ಎಂದು ಅವನಿಗೆ ಅನ್ನಿಸಿತ್ತು, ಹೌದು, ಅನ್ನಿಸಿತ್ತು. ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಕ್ಕೆ ಇರಬೇಕು ಎಂದುಕೊಂಡು, ಒಳ್ಳೆಯದಾಯಿತು, ಕೆಲಸಕ್ಕೆ ಅನುಕೂಲ ಎಂದುಕೊಂಡು, ಕಂಪ್ಯೂಟರಿನಲ್ಲಿ ಇನ್ನೊಬ್ಬಳ ಕಿವಿಯ ಹಿಂದೆ ಗುಲಾಬಿ ಬಣ್ಣ ಬಳಿಯುತ್ತ ಕೂತಿದ್ದ. ಯಾರಿಗೂ ಬೇಡವಾದ ಹೆಂಗಸಿನ ಕಿವಿ ಒಂದು ಕೂದಲೆಳೆ ತಿರುಗಿದ್ದನ್ನು ಕಂಡವನು ನಾನು ಎಂದು ಎರಡು ವರ್ಷದಿಂದ ಒಳಗೊಳಗೇ ಮೀಸೆ ತಿರುವಿಕೊಂಡು ಬಂದದ್ದೆಲ್ಲ ಆ ಬೆಳ್ಳನೆಯ ಪಟ್ಟಿಯ ಮುಂದೆ ಜೋಲುಬಿತ್ತು. ಆದರೂ, ನಾಚಿಕೆಗೇಡಿನ ವಿಷಯವೆಂದರೆ, ಮೈಯೊಳಗಿನ ಅಮಲು ಇಳಿಯಲಿಲ್ಲ. ನಾಚಿಕೆಯೂ ಸಂತೋಷವೂ ಒಂದೇ ಜಾರುಬಂಡಿಯಲ್ಲಿ ಕೂತು ಜೊಯ್ಯನೆ ಇಳಿಯುತ್ತಿದ್ದವು.

ನಿಜ ಹೇಳಬೇಕು, ಮೂರಕ್ಕೆ ಮುಂಚೆ ಹೇಳಬೇಕು. ಹೇಳಬೇಕೆಂದರೆ ಆ ಕೈ ಯಾರದೆಂದು ಹೇಳಬೇಕಾಗುತ್ತದೆ, ಅದಕ್ಕೆ ಕೈಯ ಒಡತಿಯನ್ನು ಕೇಳಬೇಕು. ಅವಳಿಗೆ ನೋವಾದರೆ? ನನ್ನ ಬೆರಳನ್ನು ಬೀದಿಗೆ ಹಾಕಿದೆಯಾ ಎಂದು ಕೇಳಿದರೆ? "ಸರ್, ಊಟಕ್ಕೆ ಹೋಗಿ ಬರ್ತೀನಿ," ಎಂದ.

"ಹನ್ನೆರಡೂವರೆಗೇನಾ?"

"ಬೇಗ ಹಸಿವಾಗಿದೆ."

"ಬೆಳಿಗ್ಗೆಯಿಂದ ನಕ್ಕು ನಕ್ಕು ಹೊಟ್ಟೆ ಖಾಲಿಯಾಗಿದೆ ನಿನಗೆ, ಹೋಗು," ಎಂದರು ಯಜಮಾನರು.

ಚಿಕ್ಕಮ್ಮ ಕೆಲಸ ಮಾಡುವ ಲಾಂಡ್ರಿಗೆ ಹನ್ನೆರಡು ನಿಮಿಷದ ದಾರಿ. ಅವನು ಏಳು ನಿಮಿಷಕ್ಕೆ ತಲುಪಿದ. ದಾರಿಯುದ್ದಕ್ಕೂ ಕೈಗಳೇ ಕಂಡವು. ಬಸ್ಸಿನ ಕಂಬಿ ಹಿಡಿದ ಕೈ, ಕೀಲಿ ಹುಡುಕುವ ಕೈ, ಇನ್ನೊಂದು ಕೈಯನ್ನು ಹಿಡಿಯಲೋ ಬೇಡವೋ ಎಂದು ಗಾಳಿಯಲ್ಲಿ ಒಂದು ಕ್ಷಣ ತಡೆದು ನಿಂತ ಕೈ. ಒಂದೊಂದರ ಸುತ್ತಲೂ ಕಣ್ಣು ತಾನಾಗಿಯೇ ಚೌಕ ಎಳೆಯುತ್ತಿತ್ತು. ಒಬ್ಬಾಕೆಯ ಬೆರಳುಗಳನ್ನೇ ದಿಟ್ಟಿಸುತ್ತ ನಡೆದು ಅಂಚೆಪೆಟ್ಟಿಗೆಗೆ ಡಿಕ್ಕಿ ಹೊಡೆದು, ಅದಕ್ಕೆ "ಕ್ಷಮಿಸಿ" ಎಂದ. ಲಾಂಡ್ರಿಯ ಬಾಗಿಲು ತಳ್ಳಿದರೆ ಬಿಸಿ ಉಗಿಯ ವಾಸನೆ. ಕೌಂಟರಿನ ಹಿಂದೆ ಚಿಕ್ಕಮ್ಮ ಯಾರದೋ ಕೋಟಿಗೆ ಚೀಟಿ ಪಿನ್ನು ಮಾಡಿ, ಗೋಡೆಯ ಗುಂಡಿ ಒತ್ತಿದಳು. ಚಾವಣಿಯ ಕಂಬಿಯಿಂದ ತೂಗುತ್ತಿದ್ದ ನೂರಾರು ಅಂಗಿ ಕೋಟುಗಳು, ಒಳಗೆ ಮನುಷ್ಯರಿಲ್ಲದ ಮೆರವಣಿಗೆಯಂತೆ, ಅವಳ ಬೆನ್ನ ಹಿಂದೆ ಒಂದು ಸುತ್ತು ಹೊರಟವು. ಕತ್ತರಿ ಬಾಗಿಲಲ್ಲೇ ನಿಂತುಬಿಟ್ಟ.

"ಏನೋ ಇದು, ಇಷ್ಟು ಹೊತ್ತಿಗೆ? ಯಜಮಾನರು ಓಡಿಸಿದ್ರಾ?"

"ಇಲ್ಲ ಚಿಕ್ಕಮ್ಮ. ನಿನ್ನ ಹತ್ರ ಒಂದು ವಿಷಯ... ಮೊದಲು ಬೈಬೇಡ."

"ಬೈಯೋ ವಿಷಯ ಅಲ್ದಿದ್ರೆ ನೀನು ಊಟದ ಹೊತ್ತಲ್ಲಿ ಇಲ್ಲೀವರೆಗೆ ಬರ್ತಿರ್ಲಿಲ್ಲ. ಹೇಳು."

ಅವನು ಹೇಳಿದ. ಅಡ್ಡಾದಿಡ್ಡಿಯಾಗಿ, ಕಿವಿಯಿಂದ ಶುರುಮಾಡಿ ಸೂಪಿನ ಬಟ್ಟಲಿಗೆ ಹಾರಿ, ಅಲ್ಲಿಂದ ಸ್ವಿಚ್ಚಿಗೆ ಬಂದು, ತನ್ನನ್ನು ಎಲ್ಲರೂ ಅಕ್ಕ ಅನ್ನುತ್ತಾರೆ ಎಂಬುದನ್ನೂ ಬಿಡದೆ ಹೇಳಿದ. ಉಂಗುರದ ಮಾತೊಂದನ್ನು ಬಿಟ್ಟ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. ಬೆರಳಿನಿಂದ ಪುಟ ಸರಿಸಿದಳು. ಕೈ, ಕೈ, ಕೈ, ಕೈ. "ಇವೆಲ್ಲ ನಂದಾ?" ಎಂದಳು. "ಇಷ್ಟೂ?" ಇನ್ನಷ್ಟು ಸರಿಸಿದಳು. ಹೆಗಲು ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಅವನು ಕೌಂಟರಿನ ಮೇಲೆ ಬಾಗಿದ. ಮುಖ ಎತ್ತಿದಾಗ ನೋಡಿದರೆ ನಗು, ಬಾಯಿಯಿಂದ ಸದ್ದೇ ಹೊರಡದಂಥ ನಗು, ಕೌಂಟರನ್ನು ಹಿಡಿದುಕೊಂಡು ಬಗ್ಗಿ, ಕನ್ನಡಕ ಜಾರಿ ಕೋಟಿನ ಮೇಲೆ ಬಿತ್ತು. "ಅಯ್ಯೋ ನಿನ್ನ ಮನೆ ಕಾಯೋಗ! ಜ್ವರ ಇಳಿಯುತ್ತಂತೆ ಕಣೋ ನನ್ನ ಬೆರಳಿಗೆ! ಮೊನ್ನೆ ನಿಂಗೆ ನೆಗಡಿ ಆದಾಗ ಯಾಕೆ ಇಳೀಲಿಲ್ಲ?" ಅವನೂ ನಗತೊಡಗಿದ. ಅಂಗಿ ಬಿಡಿಸಿಕೊಳ್ಳಲು ಬಂದ ಮುದುಕರೊಬ್ಬರು ಇಬ್ಬರನ್ನೂ ನೋಡಿ, ಕಾರಣ ಗೊತ್ತಿಲ್ಲದೆಯೇ ತಾವೂ ಸ್ವಲ್ಪ ನಕ್ಕು, ಅಂಗಿ ತೆಗೆದುಕೊಂಡು ಹೋದರು.

"ಇರು ಇರು, ಪೂರ್ತಿ ಓದ್ತೀನಿ," ಎಂದು ಚಿಕ್ಕಮ್ಮ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. ಬೇಡ ಚಿಕ್ಕಮ್ಮ ಎಂದು ಅವನು ಫೋನಿಗೆ ಕೈ ಹಾಕುವಷ್ಟರಲ್ಲಿ ಅವಳು ಎಂಟು ಪಟ್ಟು ಹಿಗ್ಗಿದ ಬೆರಳಿಗೆ ತಲುಪಿದ್ದಳು. ಅದರ ಕೆಳಗೆ ಊಹೆಗಳ ಸಂತೆಯೇ ನೆರೆದಿತ್ತು. ಅವಳು ಗಟ್ಟಿಯಾಗಿ ಓದಿದಳು. "ಅವಳ ಗಂಡ ಹಡಗಿನ ಕ್ಯಾಪ್ಟನ್, ಹಡಗು ಮುಳುಗಿದೆ. ಪಾಪ, ನಿಮ್ಮ ಚಿಕ್ಕಪ್ಪನಿಗೆ ಬಕೆಟ್ ನೀರು ಕಂಡ್ರೂ ಹೆದರಿಕೆ ಇತ್ತು. ಇದು ನೋಡು: ಉಂಗುರ ಲಿಫ್ಟಿನ ಸಂದೀಲಿ ಬಿದ್ದುಹೋಗಿದೆ, ಏಳು ಮಹಡಿ ಕೆಳಗೆ ಕತ್ತಲಲ್ಲಿ ಹೊಳೀತಾ ಇದೆ. ಎಷ್ಟು ಚೆನ್ನಾಗಿ ಬರೀತಾರೋ! ಇದು ಯಾರದು, ನಿಮಿಷ ಅಂತೆ. 'ಏನೂ ಆಗಿಲ್ಲ. ಅವಳೇ ತೆಗೆದಿಟ್ಟಿದ್ದಾಳೆ. ದಿನಾ ನೂರು ಜನ ಪಕ್ಕದಲ್ಲೇ ನಿಲ್ತಾರೆ. ಯಾರಾದ್ರೂ ಗಮನಿಸ್ತಾರಾ ಅಂತ ನೋಡ್ತಿದ್ದಾಳೆ.'"

ಓದು ನಿಂತಿತು. ಮೇಲಿನ ಕಂಬಿಯಲ್ಲಿ ಕೋಟುಗಳು ಇನ್ನೂ ಸಣ್ಣಗೆ ತೂಗುತ್ತಿದ್ದವು.

"ಇವಳು ಎಲ್ಲಿಯೋಳು?" ಎಂದಳು ಚಿಕ್ಕಮ್ಮ.

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ಮೂರು ವಾರ ಆಯ್ತು," ಎಂದಳು. ದನಿಯಲ್ಲಿ ಆಪಾದನೆ ಇರಲಿಲ್ಲ, ಕೋಟು ಯಾವಾಗ ಸಿದ್ಧವಾಗುತ್ತದೆಂದು ಗಿರಾಕಿಗೆ ಹೇಳುವಂಥ ದನಿ. "ಒಂದು ದಿನ ಸಾಕು ಅನ್ನಿಸ್ತು. ಕೋಪ ಇಲ್ಲ, ದುಃಖನೂ ಇಲ್ಲ. ಹನ್ನೊಂದು ವರ್ಷ ಅವರನ್ನ ಬೆರಳಿಗೆ ಹಾಕ್ಕೊಂಡು ಓಡಾಡಿದೆ, ಇನ್ನು ಅವರೂ ಸ್ವಲ್ಪ ಕೂತ್ಕೊಳ್ಳಲಿ ಅಂತ ತೆಗೆದು ಅಂಗಿ ಗುಂಡಿಗಳ ಡಬ್ಬೀಲಿ ಹಾಕಿಟ್ಟೆ. ಅಬ್ಬಾ, ಕೈ ಎಷ್ಟು ಹಗುರ ಆಯ್ತು ಅಂತೀಯ! ಎರಡು ದಿನ ಎಲ್ಲಾ ಕಡೆ ಕೈ ಬೀಸ್ಕೊಂಡು ನಡೆದೆ. ನೀನು ಕೇಳ್ತೀಯ ಅಂದ್ಕೊಂಡಿದ್ದೆ. ಕೇಳಿದ್ರೆ ಏನು ಹೇಳೋದು ಅಂತ ಉತ್ತರನೂ ಸಿದ್ಧ ಮಾಡ್ಕೊಂಡಿದ್ದೆ."

"ಏನು ಉತ್ತರ?"

"ಮರೆತೇಹೋಯ್ತು, ಮಾರಾಯ. ಮೂರು ವಾರ ಕಾದ್ರೆ ಇನ್ನೇನು."

ದಿನಾ ಎದುರಿಗೆ ಕೂತು ಊಟ ಮಾಡುತ್ತೇನೆ. ಬಡಿಸುವ ಕೈಯನ್ನು ನೋಡಿಕೊಂಡೇ ಇನ್ನು ಸಾಕು ಎನ್ನುತ್ತೇನೆ, ಎಂದುಕೊಂಡ ಕತ್ತರಿ. ಅವನು ಕೌಂಟರಿನ ಮೇಲಿದ್ದ ಪಿನ್ನುಗಳನ್ನು ಒಂದೊಂದಾಗಿ ಸಾಲುಮಾಡತೊಡಗಿದ. ಅವಳು ಅವನ ಕೈಯ ಮೇಲೆ ಮೆಲ್ಲಗೆ ಹೊಡೆದು ಪಿನ್ನುಗಳನ್ನು ತನ್ನ ಕಡೆ ಎಳೆದುಕೊಂಡಳು. "ಮುಖ ಹಾಗೆ ಮಾಡ್ಬೇಡ, ಪಾಸ್‌ಪೋರ್ಟಿಗೆ ಕೂತೋರ ಹಾಗೆ. ಆ ಹುಡುಗಿಗೆ ಮೊದಲು ನಿಜ ಬರಿ. ಇಲ್ದಿದ್ರೆ ನನ್ನ ಬೆರಳು ಅರ್ಜಿ ಹಿಡ್ಕೊಂಡು ಆಫೀಸು ಆಫೀಸು ಅಲೀಬೇಕಾಗುತ್ತೆ."

ಅಲ್ಲೇ ನಿಂತು ನಿಮಿಷಳಿಗೆ ಬರೆದ. ಬಚ್ಚಿಟ್ಟ ನಿಮಿಷ ಯಾವುದೂ ಇಲ್ಲ, ಅದು ನನ್ನ ಚಿಕ್ಕಮ್ಮನ ಕೈ, ಅಡುಗೆಮನೆಯ ಸ್ವಿಚ್ಚು, ನನ್ನ ಹತ್ತಿರ ಕೈ ಮುಗಿದುಹೋಗಿತ್ತು, ತಪ್ಪಾಯಿತು. ಇನ್ನೊಂದು ವಿಷಯ, ನಾನು ಅಕ್ಕ ಅಲ್ಲ. ಕಳಿಸಿ ಫೋನನ್ನು ಕೌಂಟರಿನ ಮೇಲೆ ಅಂಗಾತ ಇಟ್ಟ. ಇಬ್ಬರೂ ಅದನ್ನೇ ನೋಡುತ್ತ ನಿಂತರು, ಹಾಲು ಉಕ್ಕುವುದನ್ನು ಕಾಯುವವರಂತೆ. ಗೋಡೆಯ ಗಡಿಯಾರದಲ್ಲಿ ಒಂದೂ ಐದು. ಉತ್ತರ ಬಂದದ್ದು ಒಂದೂ ಒಂಬತ್ತಕ್ಕೆ.

"ಅರ್ಜಿ ನಿಲ್ಲಿಸಿದ್ದೀನಿ," ಎಂದು ನಿಮಿಷ ಬರೆದಿದ್ದಳು. "ಸ್ಪರ್ಧೆಯಿಂದ ನಿಮ್ಮ ಇಪ್ಪತ್ತೂ ತೆಗೆದಿದ್ದೀನಿ. ಎಲ್ಲರಿಗೂ ನೀವೇ ಹೇಳ್ಬೇಕು, ಇವತ್ತೇ. ಆರು ವರ್ಷದಲ್ಲಿ ನಾನು ಒಂದು ಸೆಕೆಂಡೂ ತಪ್ಪು ಹೇಳಿಲ್ಲ. ನಿಮ್ಮ ಮಾತು ನಂಬಿ ಒಂದು ಸೂಪಿನ ಬಟ್ಟಲನ್ನ ಹನ್ನೆರಡು ಸಲ ನೋಡ್ದೆ." ಸ್ವಲ್ಪ ಹೊತ್ತಿಗೆ ಇನ್ನೊಂದು: "ಅಕ್ಕ ಅಲ್ಲ ಅಂತ ನಂಗೆ ಮೊದಲಿಂದ ಅನುಮಾನ ಇತ್ತು." ಮತ್ತೂ ಸ್ವಲ್ಪ ಹೊತ್ತಿಗೆ, ಅವನು ಕುಗ್ಗಿಹೋಗಿ ಫೋನು ಜೇಬಿಗೆ ಹಾಕುವಾಗ: "ಚಿಕ್ಕಮ್ಮನ್ನ ಕೇಳಿ ಹೇಳಿ, ನನ್ನ ಚೌಕದಲ್ಲಿ ಅವರ ಕೈ ಇಟ್ಕೋಬಹುದಾ?"

ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು. ಕೋಟನ್ನು ಹ್ಯಾಂಗರಿಗೆ ಹಾಕಿ ಭುಜ ಸರಿಮಾಡತೊಡಗಿದಳು. ಬೆರಳ ಬುಡದ ಆ ಬಿಳಿ ಪಟ್ಟಿ ಕಪ್ಪು ಬಟ್ಟೆಯ ಮೇಲೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಅದನ್ನು ಈಗ ನಾನ್ನೂರು ಜನ ಎಂಟು ಪಟ್ಟು ಹಿಗ್ಗಿಸಿ ನೋಡಿದ್ದಾರೆ, ಈ ಸಂಜೆ ನಿಜ ಹೇಳಿದ ಮೇಲೆ ಇದು ಇಂಥವಳ ಬೆರಳು ಎಂದು ಗೊತ್ತಾಗಿ ಮತ್ತೊಂದು ಸಲ ಹಿಗ್ಗಿಸಿ ನೋಡುತ್ತಾರೆ, ಎಂದುಕೊಂಡಾಗ ಅವನಿಗೆ ತಡೆಯಲಾಗಲಿಲ್ಲ. ಮಾಡಿದ್ದನ್ನು ಹೇಗಾದರೂ ಸರಿಮಾಡಬೇಕು, ತನಗೆ ಗೊತ್ತಿರುವುದು ಒಂದೇ ವಿದ್ಯೆ. ಮಾತುಗಳು ಒಂದರ ಮೇಲೊಂದು ಹತ್ತಿಕೊಂಡು ಬಂದವು.

"ಚಿಕ್ಕಮ್ಮ, ನೋಡು, ಆ ಗುರುತು ನಾನು ಮುಚ್ಚಿಬಿಡ್ತೀನಿ. ಎರಡು ನಿಮಿಷದ ಕೆಲಸ. ಪಕ್ಕದ ಚರ್ಮದಿಂದ ಸ್ವಲ್ಪ ಬಣ್ಣ ತಗೊಂಡು ಅದರ ಮೇಲೆ ಹಾಸಿದ್ರೆ ಅಲ್ಲೊಂದು ಪಟ್ಟಿ ಇತ್ತು ಅಂತ ದೇವರಿಗೂ ಗೊತ್ತಾಗಲ್ಲ. ಬೇಕಾದ್ರೆ ಉಂಗುರನೇ ವಾಪಸ್ ಕೂರಿಸ್ತೀನಿ, ನಿಜವಾದದ್ದಕ್ಕಿಂತ ಚೆನ್ನಾಗಿ ಹೊಳೆಯೋ ಹಾಗೆ. ಹಳೇ ಚೌಕ ತೆಗೆದು ಇದನ್ನ ಹಾಕ್ತೀನಿ, ಎಲ್ಲರಿಗೂ ಬದಲಾಯಿಸ್ಕೊಳ್ಳಿ ಅಂತ ನಾನೇ ಒಬ್ಬೊಬ್ಬರಿಗೂ ಬರೀತೀನಿ. ಆ ಬೆರಳು ನೋಡಿ ಇನ್ಯಾರೂ ಏನೂ ಅನ್ನಲ್ಲ. ಈಗ್ಲೇ ಹೋಗಿ ಮಾಡ್ಲಾ?"

ಚಿಕ್ಕಮ್ಮ ಕೋಟಿನ ಮೇಲಿದ್ದ ಒಂದು ದಾರದ ಎಳೆಯನ್ನು ತೆಗೆದು ಗಾಳಿಗೆ ಊದಿದಳು.

"ಬೇಡ," ಎಂದಳು. "ಇರೋ ಹಾಗೇ ಇಟ್ಕೋ ಅಂತ ಆ ಹುಡುಗಿಗೆ ಬರಿ."